ಕಚೇರಿಯ ಮುಖ ಯಾವ ಕಡೆಗೆ?

ರಾಜ್ಯವನ್ನು ಗೆಲ್ಲುವುದು ದಂಡು; ಆಳುವುದು ಕಚೇರಿ. ದಂಡಿನವನು ಯುದ್ಧ ತೀರಿದೊಡನೆ ಡೇರೆ ಕಿತ್ತು ಹೊರಡುವನು. ಲೆಕ್ಕದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದವನು ತಲೆಮಾರುಗಟ್ಟಲೆ ಉಳಿಯುವನು. ಆದುದರಿಂದ ಒಂದು ನಾಡು ಸ್ವತಂತ್ರವೋ ಪರಾಧೀನವೋ ಎಂಬುದನ್ನು ಅರಿಯಬೇಕಾದರೆ ಕೋಟೆಯ ಮೇಲಣ ಬಾವುಟವನ್ನು ನೋಡಿದರೆ ಸಾಲದು. ಕೋಟೆಯೊಳಗೆ ಕುಳಿತ ಅಧಿಕಾರಿಯು ತನ್ನ ಕೆಲಸದ ಲೆಕ್ಕವನ್ನು ಯಾರಿಗೆ ಒಪ್ಪಿಸುತ್ತಾನೆ, ಅವನ ಕಚೇರಿಯ ಮುಖ ಯಾವ ಕಡೆಗಿದೆ ಎಂಬುದನ್ನು ನೋಡಬೇಕು.

ಈ ಮಾತನ್ನು ಎತ್ತಲು ಕಾರಣವುಂಟು. ನಮ್ಮ ರಾಜ್ಯದ ಜಿಲ್ಲಾ ಪಂಚಾಯತಿ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ೨೦೧೬ರಲ್ಲಿ ಚುನಾವಣೆ ನಡೆದಿದ್ದಿತು. ಆ ಸದಸ್ಯರ ಅವಧಿ ೨೦೨೧ರಲ್ಲಿ ತೀರಿತು. ಬಳಿಕ ಕ್ಷೇತ್ರವಿಂಗಡಣೆಯೆಂದೂ, ಮೀಸಲಾತಿಯ ಪಟ್ಟಿಯೆಂದೂ, ನ್ಯಾಯಾಲಯದ ವ್ಯಾಜ್ಯವೆಂದೂ ಒಂದರ ಹಿಂದೊಂದು ನೆಪ ಬಂದು, ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ. ಸರಕಾರವು ನೇಮಿಸಿದ ಆಡಳಿತಾಧಿಕಾರಿಗಳೇ ಪ್ರಜೆಗಳ ಪ್ರತಿನಿಧಿಗಳ ಪೀಠದಲ್ಲಿ ಕುಳಿತು ಕೆಲಸವನ್ನು ಸಾಗಿಸಿದರು. ಪಂಚಾಯತಿಯ ಅವಧಿ ಐದು ವರ್ಷ, ಅವಧಿ ತೀರುವುದಕ್ಕೆ ಮೊದಲೇ ಚುನಾವಣೆ ಮುಗಿಯಬೇಕು ಎಂದು ೧೯೯೩ರಲ್ಲಿ ಜಾರಿಗೆ ಬಂದ ೭೩ನೆಯ ತಿದ್ದುಪಡಿಯು ರಾಜ್ಯಾಂಗದಲ್ಲಿಯೇ ಬರೆದಿಟ್ಟಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲನೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಪಟ್ಟಣಗಳ ವಿದ್ಯಾವಂತರಲ್ಲಿ ಕೆಲವರು, “ಇದರಿಂದ ಆದ ನಷ್ಟವೇನು? ರಸ್ತೆಗೆ ಜಲ್ಲಿ ಬೀಳುತ್ತಿದೆ, ಶಾಲೆಗಳು ನಡೆಯುತ್ತಿವೆ. ತಮ್ಮತಮ್ಮಲ್ಲೇ ಕಾದಾಡುವ ಸದಸ್ಯರಿಗಿಂತ ಕಾನೂನು ಬಲ್ಲ ಒಬ್ಬ ಅಧಿಕಾರಿ ಮೇಲಲ್ಲವೆ?” ಎಂದು ಕೇಳುವುದುಂಟು. ಪ್ರಶ್ನೆ ಹಳೆಯದು. ನೂರತೊಂಬತ್ತು ವರ್ಷಗಳ ಹಿಂದೆ ಕೊಡಗಿನ ಜನರ ಮುಂದೆ ಇದೇ ಪ್ರಶ್ನೆಯನ್ನು ಇಡಲಾಗಿದ್ದಿತು. ಅದಕ್ಕೆ ಉತ್ತರವನ್ನು ಕೊಡಗಿನ ಚರಿತ್ರೆಯೇ ಬರೆದಿದೆ. ಆ ಉತ್ತರವನ್ನು ವಾಚಕರು ನಮ್ಮೊಡನೆ ಒಮ್ಮೆ ಓದಬೇಕೆಂದು ಕೋರುತ್ತೇವೆ.

೧೮೩೪ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಕರ್ನಲ್ ಫ್ರೇಜರನು ಕುಂಪಣಿಯ ದಂಡಿನೊಡನೆ ಮಡಿಕೇರಿಯನ್ನು ಹೊಕ್ಕನು. ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕಾಶಿಗೆ ಹೋದನು. ೧೮೫೨ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿ, ೧೮೫೯ರಲ್ಲಿ ಅಲ್ಲಿಯೇ ಮಣ್ಣಾದನು. ಅವನ ಕ್ರೌರ್ಯವನ್ನು ನಾವು ಮರೆಮಾಚಲಾರೆವು. ಅರಸುಗಳ ಕಾಲದ ಕಚೇರಿಯು ಪ್ರಜೆಗಳ ಕಡೆಗೆ ಮುಖ ಮಾಡಿದ್ದಿತೆಂದೂ ಹೇಳಲಾರೆವು. ಅದರ ಮುಖ ಅರಮನೆಯ ಕಡೆಗಿದ್ದಿತು. ಆದರೆ ಆ ಅರಮನೆ ಮಡಿಕೇರಿಯಲ್ಲಿದ್ದಿತು. ಅಲ್ಲಿನ ದಿವಾನರೂ ಕಾರ್ಯಕಾರರೂ ಊರಿನ ಮಳೆ ಬೆಳೆಗಳನ್ನು ಕಣ್ಣಾರೆ ಕಂಡವರಾಗಿದ್ದರು. ಲಿಂಗರಾಜೇಂದ್ರನ ಕಾಲದ ಶಿಸ್ತಿನ ಲೆಕ್ಕವು ಗದ್ದೆಗಳ ವಿವರವನ್ನು ಕನ್ನಡದಲ್ಲಿಯೇ ಬರೆದಿಟ್ಟಿದ್ದಿತು.

ಆ ವರ್ಷದ ಮೇ ೭ರ ಘೋಷಣೆಯಲ್ಲಿ ಫ್ರೇಜರನು, ಕೊಡಗಿನ ನಿವಾಸಿಗಳೆಲ್ಲರ ಏಕಮನಸ್ಸಿನ ಇಚ್ಛೆಯಂತೆ ಈ ಸೀಮೆಯು ಕುಂಪಣಿಯ ಕೈಸೇರಿತೆಂದು ಸಾರಿದನು. ಜನರ ಧರ್ಮಕ್ಕೂ ಆಚಾರಕ್ಕೂ ಧಕ್ಕೆ ಬಾರದೆಂಬ ಭರವಸೆಯೂ ಅದರಲ್ಲಿದ್ದಿತು. ಎಲ್ಲರ ಇಚ್ಛೆಯನ್ನು ಯಾರು, ಎಲ್ಲಿ, ಹೇಗೆ ಕೇಳಿದರು ಎಂಬುದು ಮಾತ್ರ ಘೋಷಣೆಯಲ್ಲಿ ಇರಲಿಲ್ಲ. ಪ್ರಜೆಗಳ ಹೆಸರಿನಲ್ಲಿ ಹುಟ್ಟಿದ ಈ ಆಡಳಿತವು ಮುಂದಿನ ತೊಂಬತ್ತು ವರ್ಷ ಕಾಲ ಪ್ರಜೆಗಳನ್ನು ಯಾವ ಸಭೆಯಲ್ಲಿಯೂ ಕೂಡಿಸಿ ಕೇಳಲಿಲ್ಲವೆಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಅರಸನು ಹೋದ ಜಾಗದಲ್ಲಿ ಬಂದವನು ಸೂಪರಿಂಟೆಂಡೆಂಟನು. ಮೊದಲನೆಯವನು ಕ್ಯಾಪ್ಟನ್ ಲಿಹಾರ್ಡಿ. ಅವನ ಕೆಳಗೆ ತಾಲ್ಲೂಕುಗಳಲ್ಲಿ ಸುಬೇದಾರರು, ನಾಡುಗಳಲ್ಲಿ ಪಾರುಪತ್ಯಗಾರರು, ಹಳ್ಳಿಗಳಲ್ಲಿ ಪಟೇಲರು. ಕಿಗ್ಗಟ್ಟುನಾಡು, ಪಾಡಿನಾಲ್ಕುನಾಡು, ಯಡೆನಾಲ್ಕುನಾಡು, ನಂಜರಾಜಪಟ್ಟಣ ಎಂಬ ಹಳೆಯ ಹೆಸರುಗಳೂ, ಸುಬೇದಾರ ಪಾರುಪತ್ಯಗಾರ ಎಂಬ ಹಳೆಯ ಪದವಿಗಳೂ ಹಾಗೆಯೇ ಉಳಿದುವು. ಮೇಲುನೋಟಕ್ಕೆ ಏನೂ ಬದಲಾಗಿರಲಿಲ್ಲ. ಬದಲಾದುದು ಅತ್ಯಂತ ಮೇಲಣ ಮೆಟ್ಟಿಲು ಒಂದೇ. ಸೂಪರಿಂಟೆಂಡೆಂಟನಿಗೆ ಮೇಲಧಿಕಾರಿ ಮೈಸೂರಿನ ಕಮಿಷನರನು. ಅವನಿಗೆ ಮೇಲೆ ಕಲ್ಕತ್ತೆಯ ಸರಕಾರ. ಅದಕ್ಕೂ ಮೇಲೆ ಕಡಲಾಚೆಯ ಲಂಡನ್ನು. ಪಟೇಲನು ಪಾರುಪತ್ಯಗಾರನ ಮುಖ ನೋಡಿದನು, ಅವನು ಸುಬೇದಾರನ ಮುಖ ನೋಡಿದನು, ಅವನು ದೊರೆಯ ಮುಖ ನೋಡಿದನು. ಎಲ್ಲರೂ ಮೇಲಕ್ಕೆ ನೋಡುವ ಮನೆಯಲ್ಲಿ ಕೆಳಗೆ ಕುಳಿತವನ ಅಳಲು ಯಾರಿಗೆ ಕೇಳಬೇಕು?

ಅದರ ಫಲ ಮೂರು ವರ್ಷಗಳೊಳಗಾಗಿ ಪ್ರಕಟವಾಯಿತು. ಕೊಡಗಿಗೆ ಸೇರಿದ್ದ ಪುತ್ತೂರು ಸುಳ್ಯ ಪ್ರದೇಶಗಳನ್ನು ೧೮೩೪ರಲ್ಲಿಯೇ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಜೋಡಿಸಲಾಯಿತು. ನಕ್ಷೆಯ ಮೇಲೆ ಅದು ಒಂದು ಗೆರೆ. ಆದರೆ ಆ ಸೀಮೆಯ ಒಕ್ಕಲುಗಳು ಕೊಡಗಿನ ಅರಸರಿಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸಿ ರೂಢಿಯಾದವರು; ಕೆನರಾದ ಕಚೇರಿಯು ನಾಣ್ಯವನ್ನು ಕೇಳಿತು. ಕೈಯಲ್ಲಿ ಭತ್ತವಿದ್ದವನು ನಾಣ್ಯಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ೧೮೩೭ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ದಂಗೆಯೆದ್ದ ಜನರು ಘಟ್ಟವಿಳಿದು ಮಂಗಳೂರನ್ನೇ ಹಿಡಿದು ಕೆಲವು ದಿನ ತಮ್ಮ ಬಾವುಟವನ್ನು ಹಾರಿಸಿದರು. ದಂಗೆಯನ್ನು ಅಡಗಿಸಿದ ಬಳಿಕ ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಹಿಂದಿನ ಆಡಳಿತದ ಒಬ್ಬ ಸುಬೇದಾರನೇ ಗಲ್ಲಿಗೇರಿದನೆಂಬುದು ಗಮನಿಸತಕ್ಕ ಸಂಗತಿ. ಗೆರೆ ಎಳೆದವರು ಆ ಸೀಮೆಯ ಹತ್ತು ಮಂದಿ ಒಕ್ಕಲುಗಳನ್ನು ಕೂಡಿಸಿ ಒಂದು ಮಾತು ಕೇಳಿದ್ದರೆ ನಾಣ್ಯದ ತೊಡಕು ಮೊದಲೇ ತಿಳಿಯುತ್ತಿದ್ದಿತು. ಕೇಳುವ ಪದ್ಧತಿಯೇ ಆ ಕಚೇರಿಯಲ್ಲಿರಲಿಲ್ಲ.

ದಂಗೆಯಿಂದ ಕುಂಪಣಿಯು ಪಾಠ ಕಲಿಯಿತು. ಆದರೆ ಅದು ಕಲಿತ ಪಾಠ ಬೇರೆಯದು. ಜನರಿಗೆ ಮಾತನ್ನು ಕೊಡುವ ಬದಲು ಅವರಲ್ಲಿ ಕೆಲವರಿಗೆ ಸವಲತ್ತನ್ನು ಕೊಟ್ಟರೆ ಸಾಕೆಂಬುದೇ ಆ ಪಾಠ. ಅರಸರ ಕಾಲದಿಂದ ಬಂದ ಜಮ್ಮಾ ಹಿಡುವಳಿಯನ್ನು ಬ್ರಿಟಿಷರು ಉಳಿಸಿದರು. ನೂರು ಭಟ್ಟಿ ಗದ್ದೆಗೆ ಸಾಗು ರೈತನು ೧೦ ರೂಪಾಯಿ ಕಂದಾಯ ತೆತ್ತರೆ ಜಮ್ಮಾ ರೈತನು ೫ ರೂಪಾಯಿ ತೆರುತ್ತಿದ್ದನು. ದೇಶದ ಪ್ರಜೆಗಳಿಂದ ಆಯುಧಗಳನ್ನು ಕಸಿದುಕೊಂಡ ಕಾಲದಲ್ಲಿ, ೧೮೬೧ರಲ್ಲಿ, ಕಮಿಷನರ್ ಕಬ್ಬನ್ ಸಾಹೇಬನು ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟನು. ಕೈಲ್‌ಪೊಳ್ದ್ ಹಬ್ಬದಂದು ಪೂಜೆಗೊಳ್ಳುವ ಕೋವಿಯ ಗೌರವವನ್ನು ನಾವು ಬಲ್ಲೆವು. ಆ ವಿನಾಯಿತಿಯನ್ನು ಸ್ವತಂತ್ರ ಭಾರತದ ಸರಕಾರವೂ ಉಳಿಸಿಕೊಂಡು ೨೦೧೯ರಲ್ಲಿ ಇನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. ಆದರೆ ಸವಲತ್ತು ಬೇರೆ, ಅಧಿಕಾರ ಬೇರೆ. ಕೈಯಲ್ಲಿ ಕೋವಿಯಿದ್ದ ಕೊಡಗಿನ ರೈತನಿಗೆ ತನ್ನ ಕಂದಾಯದ ಹಣ ಎಲ್ಲಿ ವೆಚ್ಚವಾಗುತ್ತದೆಂದು ಕೇಳುವ ಹಕ್ಕಿರಲಿಲ್ಲ. ಸವಲತ್ತು ಕೊಟ್ಟವನ ಕೃಪೆಯನ್ನು ನೆನಪಿಗೆ ತರುತ್ತದೆ. ಹಕ್ಕು ಕೊಟ್ಟವನನ್ನೇ ಪ್ರಶ್ನಿಸಲು ಕಲಿಸುತ್ತದೆ. ಸಾಮ್ರಾಜ್ಯಗಳು ಮೊದಲನೆಯದನ್ನು ಧಾರಾಳವಾಗಿ ಹಂಚಿ ಎರಡನೆಯದನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತವೆ. ಆ ಧಾರಾಳವಾದರೂ ಎಲ್ಲರನ್ನೂ ಮುಟ್ಟಲಿಲ್ಲ. ಗದ್ದೆಯಲ್ಲಿ ದುಡಿದ ಯರವರಿಗೂ, ಕಾಡಿನ ಅಂಚಿನ ಕುರುಬರಿಗೂ ಜಮ್ಮಾ ಇರಲಿಲ್ಲ, ಕೋವಿ ಇರಲಿಲ್ಲ, ಕಚೇರಿಯ ಮೆಟ್ಟಿಲನ್ನು ಹತ್ತುವ ಧೈರ್ಯವೂ ಇರಲಿಲ್ಲ.

ಕಚೇರಿಯ ಕಾಗದವು ಕಚೇರಿಗಿಂತ ಹೆಚ್ಚು ಕಾಲ ಬದುಕುತ್ತದೆಂಬುದಕ್ಕೂ ಕೊಡಗೇ ನಿದರ್ಶನ. ೧೮೯೯ರ ಕೊಡಗು ಭೂಮಿ ಮತ್ತು ಕಂದಾಯದ ರೆಗ್ಯುಲೇಷನ್ನು ಪ್ರಜೆಗಳ ಸಭೆಯಿಲ್ಲದ ಕಾಲದಲ್ಲಿ ಮೇಲಿನಿಂದ ಇಳಿದು ಬಂದ ಶಾಸನ. ಗದ್ದೆಗೆ ಸೊಪ್ಪು ಸೌದೆ ಮೇವುಗಳಿಗಾಗಿ ಸೇರಿಸಿಕೊಟ್ಟ ಬಾಣೆ ಜಮೀನು ಹಿಡುವಳಿದಾರನ ಸ್ವಂತವೋ, ಅಲ್ಲ ಅನುಭೋಗಕ್ಕೆ ಮಾತ್ರವೋ, ಅಲ್ಲಿನ ಮರ ಯಾರದು ಎಂಬ ವಾದಗಳು ಸಾಮ್ರಾಜ್ಯವು ಅಸ್ತಂಗತವಾಗಿ ದಶಕಗಳು ಕಳೆದ ಮೇಲೂ ಬೆಂಗಳೂರಿನ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದುವು. ಒಕ್ಕಲುಗಳನ್ನು ಕೇಳದೆ ಬರೆದ ಒಂದು ಶಬ್ದದ ಅರ್ಥಕ್ಕಾಗಿ ಮೊಮ್ಮಕ್ಕಳು ವಕೀಲರಿಗೆ ಹಣ ತೆರಬೇಕಾಯಿತು.

೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿತು. ಕೊಡಗು ಯಾರಿಗೂ ಮರಳಲಿಲ್ಲ. ಮೈಸೂರಿನ ರೆಸಿಡೆಂಟನೇ ಪದನಿಮಿತ್ತವಾಗಿ ಕೊಡಗಿನ ಚೀಫ್ ಕಮಿಷನರನಾದನು. ಅವನ ವಾಸ ಬೆಂಗಳೂರಿನ ರೆಸಿಡೆನ್ಸಿಯಲ್ಲಿ, ಎಂದರೆ ಇಂದಿನ ರಾಜಭವನದಲ್ಲಿ. ಮಡಿಕೇರಿಯಲ್ಲಿ ಅವನ ಕೈಕೆಳಗೆ ಒಬ್ಬ ಕಮಿಷನರನು. ರೆಸಿಡೆಂಟನ ಮುಖ್ಯ ಕೆಲಸ ಮಹಾರಾಜರ ದರಬಾರಿನ ಮೇಲೆ ಕಣ್ಣಿಡುವುದು. ಕೊಡಗು ಅವನಿಗೆ ಎರಡನೆಯ ಉದ್ಯೋಗ. ೧೮೮೧ರಿಂದ ೧೯೪೦ರ ವರೆಗೆ ಅರುವತ್ತು ವರ್ಷಗಳಷ್ಟು ಕಾಲ ಒಂದು ನಾಡಿನ ಸುಖದುಃಖವು ಇನ್ನೊಂದು ನಾಡಿನಲ್ಲಿ ವಾಸವಾಗಿದ್ದವನ ಎರಡನೆಯ ಉದ್ಯೋಗವಾಗಿದ್ದಿತು.

ಇಂತಹ ಕಚೇರಿಯು ಬ್ರಿಟಿಷರ ಕಲ್ಪನೆಯೊಂದೇ ಅಲ್ಲ. ಫ್ರೇಜರನ ಹೆಸರನ್ನು ಬಹುಕಾಲ ಹೊತ್ತು ಫ್ರೇಜರ್‌ಪೇಟೆಯೆನಿಸಿದ್ದ ಕುಶಾಲನಗರದಿಂದ ಕಾವೇರಿಯನ್ನು ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ಸಿಕ್ಕುತ್ತದೆ. ೧೯೫೯ರಲ್ಲಿ ದೇಶ ಬಿಟ್ಟು ಬಂದ ಟಿಬೆಟಿನ ಜನರಿಗೆ ಮೈಸೂರು ಸರಕಾರವು ಕೊಟ್ಟ ಕಾಡುಭೂಮಿಯಲ್ಲಿ ೧೯೬೦-೬೧ರ ಹೊತ್ತಿಗೆ ಅಲ್ಲಿ ನೆಲೆ ಏರ್ಪಟ್ಟಿತು. ಕುಶಾಲನಗರದ ಸಂತೆಯಲ್ಲಿ ನಮ್ಮ ಪಕ್ಕದಲ್ಲಿಯೇ ತರಕಾರಿ ಕೊಳ್ಳುವ ಈ ನೆರೆಹೊರೆಯವರ ಪೂರ್ವಿಕರು ಇದೇ ಬಗೆಯ ಕಚೇರಿಯನ್ನು ಇನ್ನೊಂದು ಸಾಮ್ರಾಜ್ಯದ ಕೈಯಲ್ಲಿ ಕಂಡವರು. ಆ ಕಥೆಯು ನಮ್ಮ ಕಥೆಗೆ ಹಿಡಿದ ಕನ್ನಡಿಯಂತಿರುವುದರಿಂದ ಅದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಚೀನವನ್ನು ಆಳಿದ ಮಂಚೂ ಚಕ್ರವರ್ತಿಗಳು ೧೭೨೮ರ ಸುಮಾರಿನಿಂದ ಟಿಬೆಟಿನ ರಾಜಧಾನಿಯಾದ ಲ್ಹಾಸಾದಲ್ಲಿ ತಮ್ಮ ಪ್ರತಿನಿಧಿಗಳನ್ನು ಇರಿಸಿದರು. ಅವರಿಗೆ ಅಂಬನ್ ಎಂದು ಹೆಸರು. ಮುಖ್ಯ ಅಂಬನ್ ಒಬ್ಬ, ಸಹಾಯಕ ಒಬ್ಬ. ಬಹುಮಟ್ಟಿಗೆ ಮಂಚೂ ಅಥವಾ ಮಂಗೋಲರು. ೧೭೫೦ರಲ್ಲಿ ಇಬ್ಬರು ಅಂಬನ್‌ಗಳು ಟಿಬೆಟಿನ ಆಡಳಿತಗಾರನನ್ನು ತಮ್ಮ ನಿವಾಸಕ್ಕೆ ಕರೆಸಿ ಕೊಂದರು; ಕೆರಳಿದ ಜನ ಅವರಿಬ್ಬರನ್ನೂ ಮುಗಿಸಿದರು. ೧೭೯೨ರಲ್ಲಿ ಗೂರ್ಖರ ಮೇಲೆ ದಂಡೆತ್ತಿ ಬಂದ ಚಕ್ರವರ್ತಿಯ ಸೈನ್ಯವು ಹಿಂದಿರುಗಿದ ಬಳಿಕ, ೧೭೯೩ರಲ್ಲಿ ೨೯ ಕಲಮುಗಳ ಶಾಸನವೊಂದು ಹೊರಟಿತು. ಅದರಂತೆ ಅಂಬನನಿಗೆ ದಲಾಯಿ ಲಾಮಾರವರಿಗೆ ಸಮನಾದ ಸ್ಥಾನ. ಗಡಿಯ ಕಾವಲು, ನಾಣ್ಯ, ಅಧಿಕಾರಿಗಳ ನೇಮಕ ಎಲ್ಲದರಲ್ಲಿಯೂ ಅವನ ಕೈ. ಮರುಹುಟ್ಟು ಪಡೆದ ಲಾಮಾ ಯಾರೆಂಬುದನ್ನು ಸಹ ಚಕ್ರವರ್ತಿಯು ಕಳುಹಿಸಿದ ಬಂಗಾರದ ಕಲಶದಿಂದ ಚೀಟಿ ಎತ್ತಿ ನಿರ್ಧರಿಸಬೇಕೆಂದಾಯಿತು.

ಕಾಗದದ ಮೇಲೆ ಇಷ್ಟು ಬಲವಿದ್ದ ಕಚೇರಿಯು ನೆಲದ ಮೇಲೆ ಹೇಗೆ ನಡೆಯಿತು? ನೂರೆಂಬತ್ತು ವರ್ಷಗಳಲ್ಲಿ ಆ ಪದವಿಗಳಿಗೆ ನೂರಕ್ಕೂ ಹೆಚ್ಚು ಮಂದಿ ಬಂದು ಹೋದರು. ಬಂದವನು ಊರನ್ನು ಅರಿಯುವಷ್ಟರಲ್ಲಿ ಹೊರಡುವ ಕಾಲ ಬರುತ್ತಿದ್ದಿತು. ೧೮೪೧ರಲ್ಲಿ ಡೋಗ್ರಾ ಸೈನ್ಯವೂ, ೧೮೫೫ರಲ್ಲಿ ನೇಪಾಳದ ಸೈನ್ಯವೂ ಟಿಬೆಟಿನ ಮೇಲೆ ಬಿದ್ದಾಗ ಚಕ್ರವರ್ತಿಯ ದಂಡು ಸಹಾಯಕ್ಕೆ ಬರಲಿಲ್ಲ. ೧೯೦೪ರಲ್ಲಿ ಯಂಗ್‌ಹಸ್‌ಬೆಂಡನು ಬ್ರಿಟಿಷ್ ಪಡೆಯೊಡನೆ ಲ್ಹಾಸಾವನ್ನು ಹೊಕ್ಕು ಟಿಬೆಟಿನವರಿಂದ ಒಪ್ಪಂದಕ್ಕೆ ಮುದ್ರೆ ಹಾಕಿಸಿಕೊಂಡಾಗ ಅಂಬನನು ತಡೆಯಲಾರದೆ, ಒಪ್ಪಲಾರದೆ, ಸಹಿಯನ್ನೂ ಹಾಕದೆ ನಿಂತಿದ್ದನು. ರಕ್ಷಣೆಯ ಹೆಸರಿನಲ್ಲಿ ಬಂದ ಕಚೇರಿಯು ರಕ್ಷಣೆಯ ವೇಳೆಯಲ್ಲಿ ಮೂಕವಾಯಿತು.

ಟಿಬೆಟಿನ ಪೂರ್ವದಂಚಿನ ಖಾಮ್ ಸೀಮೆಯಲ್ಲಿ ಇನ್ನೊಂದು ಬಗೆಯ ಆಡಳಿತ. ಅಲ್ಲಿ ವಂಶಪಾರಂಪರ್ಯದ ನಾಡಗೌಡರಂತಹ ಸ್ಥಳೀಯ ಒಡೆಯರಿಗೆ ಚಕ್ರವರ್ತಿಯು ಮುದ್ರೆಯನ್ನು ಕೊಟ್ಟು ಅವರ ಮೂಲಕ ಆಳುತ್ತಿದ್ದನು. ಕಡೆಗಾಲದಲ್ಲಿ ಇದು ಸಾಲದೆಂದು ತೋರಿತು. ೧೯೦೫ರಲ್ಲಿ ಬತಾಂಗಿನಲ್ಲಿ ಸಹಾಯಕ ಅಂಬನನೊಬ್ಬನು ಮಠಗಳ ಮೇಲೆ ಕೈಮಾಡಹೋಗಿ ದಂಗೆಯಲ್ಲಿ ಸತ್ತನು. ಸೇಡಿಗೆ ಬಂದ ಝಾವೋ ಎರ್‌ಫೆಂಗನು ಮಠವನ್ನು ನೆಲಸಮ ಮಾಡಿ, ಸ್ಥಳೀಯ ಒಡೆಯರನ್ನು ತೆಗೆದುಹಾಕಿ, ವರ್ಗವಾಗಿ ಬಂದು ಹೋಗುವ ಸಂಬಳದ ಅಧಿಕಾರಿಗಳನ್ನು ಊರೂರಿಗೆ ನೇಮಿಸಿದನು. ೧೯೧೦ರಲ್ಲಿ ಚೀನದ ಪಡೆ ಲ್ಹಾಸಾವನ್ನು ಸೇರಿತು. ಹದಿಮೂರನೆಯ ದಲಾಯಿ ಲಾಮಾರವರು ಭಾರತಕ್ಕೆ ಬಂದರು. ಮರುವರ್ಷ ಚೀನದಲ್ಲಿ ಕ್ರಾಂತಿಯಾಯಿತು; ಕ್ರಾಂತಿಕಾರರು ಝಾವೋವಿನ ತಲೆಯನ್ನೇ ತೆಗೆದರು. ೧೯೧೨ರಲ್ಲಿ ಸಿಂಹಾಸನ ಉರುಳಿತು. ಲ್ಹಾಸಾದಲ್ಲಿದ್ದ ಪಡೆಯನ್ನು ಟಿಬೆಟಿನವರು ಹೊರಗಟ್ಟಿದರು. ಮೇಲಿನ ಕೊಂಡಿ ಕಳಚಿದೊಡನೆ ಕೆಳಗಿನ ಕಚೇರಿಯೆಲ್ಲ ಕುಸಿಯಿತು. ಅದನ್ನು ಎತ್ತಿಹಿಡಿಯಲು ಆ ನೆಲದವನೊಬ್ಬನೂ ಮುಂದೆ ಬರಲಿಲ್ಲ. ಅದು ಅವನದೆಂದು ಯಾರೂ ಅವನಿಗೆ ಎಂದೂ ಹೇಳಿರಲಿಲ್ಲ.

ವಾಚಕರಿಗೆ ಸಾಮ್ಯವು ಈಗ ಸ್ಪಷ್ಟವಾಗಿರಬಹುದು. ಅರಸನನ್ನು ಪೀಠದಲ್ಲಿಯೇ ಕೂರಿಸಿ ಪಕ್ಕದಲ್ಲಿ ನಿಂತು ಆಡಿಸುವುದು ಒಂದು ವಿಧಾನ. ಅರಸನನ್ನು ತೆಗೆದು ವರ್ಗವಾಗುವ ಅಧಿಕಾರಿಯನ್ನು ಕೂರಿಸುವುದು ಇನ್ನೊಂದು. ಮೊದಲನೆಯದು ಲ್ಹಾಸಾದ ವಿಧಾನ, ಎರಡನೆಯದು ಬತಾಂಗಿನ ವಿಧಾನ. ಬೆಂಗಳೂರಿನ ರೆಸಿಡೆಂಟನು ಇವೆರಡನ್ನೂ ಒಂದೇ ಕುರ್ಚಿಯಲ್ಲಿ ಕುಳಿತು ನಡೆಸಿದನು. ಮೈಸೂರಿನಲ್ಲಿ ಅವನು ಅರಸನ ಪಕ್ಕದ ಅಂಬನ್. ಕೊಡಗಿನಲ್ಲಿ ಅರಸನ ಬದಲಿಗೆ ಬಂದ ಅಧಿಕಾರಿ. ಝಾವೋವಿನಷ್ಟು ರಕ್ತವನ್ನು ಅವನು ಹರಿಸಲಿಲ್ಲವೆಂಬುದು ನಿಜ. ಆದರೆ ನಮ್ಮ ಪ್ರಶ್ನೆ ಕೈಯ ಗಡಸುತನವನ್ನು ಕುರಿತದ್ದಲ್ಲ, ಕಚೇರಿಯ ಮುಖವನ್ನು ಕುರಿತದ್ದು.

ಆ ಮುಖವು ಕೊಡಗಿನಲ್ಲಿ ಎಷ್ಟು ನಿಧಾನವಾಗಿ ತಿರುಗಿತೆಂಬುದನ್ನು ನೋಡಿ. ೧೯೨೪ರಲ್ಲಿ ಶಾಸನ ಸಭೆಯೊಂದು ಏರ್ಪಟ್ಟಿತು: ೨೦ ಸದಸ್ಯರು, ಅವರಲ್ಲಿ ೧೫ ಮಂದಿ ಚುನಾಯಿತರು, ೫ ಮಂದಿ ನಾಮಕರಣಗೊಂಡವರು. ಮಾತನಾಡಲು ಸ್ಥಳ ಸಿಕ್ಕಿತು. ಆದರೆ ಸಭೆಗೆ ಹೊಣೆಯಾದ ಮಂತ್ರಿಮಂಡಲವಿರಲಿಲ್ಲ. ೧೯೩೫ರ ಕಾಯಿದೆಯು ದೊಡ್ಡ ಪ್ರಾಂತಗಳಿಗೆ ಮಂತ್ರಿಮಂಡಲಗಳನ್ನು ಕೊಟ್ಟಾಗ ಕೊಡಗು ಚೀಫ್ ಕಮಿಷನರನ ಪ್ರಾಂತವಾಗಿಯೇ ಉಳಿಯಿತು. ೧೯೪೦ರಲ್ಲಿ ರೆಸಿಡೆಂಟನ ಕೈಯಿಂದ ಬಿಡಿಸಿ ಮಡಿಕೇರಿಯಲ್ಲಿಯೇ ಪ್ರತ್ಯೇಕ ಚೀಫ್ ಕಮಿಷನರನನ್ನು ಇರಿಸಿದರು. ೧೯೪೩ರಲ್ಲಿ ಕೊಡಗಿನವರೇ ಆದ ದಿವಾನ್ ಬಹದ್ದೂರ್ ಕೇತೋಳಿ ಚಂಗಪ್ಪನವರು ಆ ಪದವಿಗೆ ಬಂದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಚೇರಿ ಬೆಂಗಳೂರಿನಿಂದ ಮಡಿಕೇರಿಗೆ ಬಂದಿತು. ಪರದೇಶಿಯ ಸ್ಥಾನಕ್ಕೆ ಸ್ವದೇಶಿ ಬಂದರು. ಆದರೂ ಕಚೇರಿಯ ಮುಖ ದೆಹಲಿಯ ಕಡೆಗೇ ಇದ್ದಿತು. ಅಧಿಕಾರಿಯ ಜಾತಿ, ಭಾಷೆ, ಊರುಗಳು ನಮ್ಮವಾದ ಮಾತ್ರಕ್ಕೆ ಕಚೇರಿ ನಮ್ಮದಾಗುವುದಿಲ್ಲ. ಅದು ತಿರುಗಿದುದು ೧೯೫೨ರಲ್ಲಿ. ವಯಸ್ಸಿಗೆ ಬಂದ ಗಂಡಸು ಹೆಂಗಸರೆಲ್ಲರೂ ಮತ ಹಾಕಿ ೨೪ ಮಂದಿಯ ವಿಧಾನಸಭೆಯನ್ನು ಆರಿಸಿದರು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಮೈಸೂರಿನೊಡನೆ ಕೂಡಬೇಕೆ ಬೇಡವೆ ಎಂಬ ಮಹಾಪ್ರಶ್ನೆಯು ಆ ಚುನಾವಣೆಯಲ್ಲಿಯೇ ಬಹಿರಂಗವಾಗಿ ಚರ್ಚೆಗೆ ಬಂದಿತು. ಕಾಂಗ್ರೆಸ್ಸಿಗೆ ೧೫ ಸ್ಥಾನ, ಪ್ರತಿಪಕ್ಷದವರಿಗೆ ೯. ೧೮೩೪ರಲ್ಲಿ ‘ಏಕಮನಸ್ಸಿನ ಇಚ್ಛೆ’ಯೆಂದು ಒಬ್ಬ ಕರ್ನಲನು ಬರೆದುಕೊಂಡ ನಾಡಿನಲ್ಲಿ, ಜನರ ಮನಸ್ಸು ಏಕವೋ ಅನೇಕವೋ ಎಂಬುದನ್ನು ಎಣಿಸಿ ನೋಡಿದುದು ನೂರಹದಿನೆಂಟು ವರ್ಷಗಳ ಮೇಲೆ.

೧೯೫೬ರ ನವೆಂಬರ್ ೧ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಒಂದು ಜಿಲ್ಲೆಯಾಯಿತು. ಕನ್ನಡನಾಡು ಒಂದಾದುದನ್ನು ನಾವು ಎಂದಿಗೂ ಹಳಿಯಲಾರೆವು. ಆದರೆ ಒಂದಾದಾಗ ಕೊಡಗು ೨೪ ಮಂದಿಯ ಸ್ವಂತ ಸಭೆಯನ್ನು ಬಿಟ್ಟುಕೊಟ್ಟು ಬಂದಿತೆಂಬುದನ್ನು ಉಳಿದ ಕನ್ನಡಿಗರು ಮರೆಯಬಾರದು. ಬಹುಕಾಲ ಮೂರಾಗಿದ್ದ ಅದರ ವಿಧಾನಸಭಾ ಸ್ಥಾನಗಳು ೨೦೦೮ರ ಕ್ಷೇತ್ರವಿಂಗಡಣೆಯಿಂದ ಮಡಿಕೇರಿ, ವಿರಾಜಪೇಟೆ ಎಂದು ಎರಡಾದುವು. ಲೋಕಸಭೆಗೆ ಒಂದು ಕಾಲದಲ್ಲಿ ಮಂಗಳೂರಿನೊಡನೆ, ೨೦೦೯ರಿಂದ ಮೈಸೂರಿನೊಡನೆ ಅದು ಜೋಡಿಯಾಗಿದೆ. ಜಿಲ್ಲೆಯ ಉಸ್ತುವಾರಿ ಮಂತ್ರಿಗಳಾಗಿ ಹಲವು ಬಾರಿ ಹೊರಜಿಲ್ಲೆಯವರೇ ಬಂದರು. ಅವರ ಸಾಮರ್ಥ್ಯವನ್ನು ನಾವು ಶಂಕಿಸುವುದಿಲ್ಲ. ಆದರೆ ಕೊಡಗು ಪುನಃ ಯಾರಿಗೋ ಎರಡನೆಯ ಉದ್ಯೋಗವಾಗುತ್ತಿದೆಯೆ ಎಂದು ಅಲ್ಲಿನ ಜನ ಕೇಳಿದರೆ ತಪ್ಪೆಂದು ಹೇಳುವ ಮುಖ ನಮಗಿಲ್ಲ. ದೊಡ್ಡ ಸಭೆಯಲ್ಲಿ ದನಿ ಸಣ್ಣದಾದ ಇಂತಹ ಜಿಲ್ಲೆಗೆ ತನ್ನದೆಂದು ಉಳಿದ ಸಭೆ ಜಿಲ್ಲಾ ಪಂಚಾಯತಿಯೊಂದೇ. ಅದರ ಬಾಗಿಲನ್ನೇ ಮುಚ್ಚಿದ ಮೇಲೆ ಉಳಿಯುವುದೇನು? ಪೊನ್ನಂಪೇಟೆ, ಕುಶಾಲನಗರಗಳು ಈಚಿನ ವರ್ಷಗಳಲ್ಲಿ ಹೊಸ ತಾಲ್ಲೂಕುಗಳಾದುವು. ಕಚೇರಿ ಹತ್ತಿರವಾಯಿತೆಂದು ಜನ ಸಂತೋಷಪಟ್ಟರು. ಕಚೇರಿ ಬಂದಿತು, ಅದನ್ನು ಕೇಳುವ ಸಭೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ಸದಸ್ಯರು ಜಗಳವಾಡುತ್ತಾರೆ, ಕೆಲವರು ಹಣ ತಿನ್ನುತ್ತಾರೆ ಎಂಬ ಆಕ್ಷೇಪಣೆಗೆ ನಮ್ಮ ಉತ್ತರವಿಷ್ಟೆ. ತಿನ್ನುವ ಸದಸ್ಯನನ್ನು ಐದು ವರ್ಷಗಳಿಗೊಮ್ಮೆ ಮನೆಗೆ ಕಳುಹಿಸುವ ಶಕ್ತಿ ಮತದಾರನಿಗಿದೆ. ಕಿವಿಗೊಡದ ಅಧಿಕಾರಿಯನ್ನು 'ನೀವು ಹೋಗಿ' ಎನ್ನುವ ಶಕ್ತಿ ಅವನಿಗಿಲ್ಲ. ಅಧಿಕಾರಿಯ ಪ್ರಾಮಾಣಿಕತೆಯು ಅವನ ಸ್ವಂತ ಗುಣ. ವರ್ಗವಾದಾಗ ಅವನೊಡನೆಯೇ ಹೊರಟುಹೋಗುತ್ತದೆ. ಸಭೆಯ ಹೊಣೆಗಾರಿಕೆಯು ಪೀಠಕ್ಕೆ ಸೇರಿದ್ದು. ಕುಳಿತವನು ಬದಲಾದರೂ ಅದು ಉಳಿಯುತ್ತದೆ. ಕಬ್ಬನ್ ಸಾಹೇಬನೂ ದಕ್ಷನೆಂದೇ ಹೆಸರು ಪಡೆದವನು. ದಕ್ಷತೆಯೊಂದೇ ಸಾಕಾಗಿದ್ದರೆ ನಮ್ಮ ಹಿರಿಯರು ಸೆರೆಮನೆಗೆ ಹೋಗುವ ಕಾರಣವಿರಲಿಲ್ಲ.

ಸರಕಾರಿ ನೌಕರಿಯಲ್ಲಿರುವ ವಾಚಕರು ಇದನ್ನು ತಮ್ಮ ಮೇಲಣ ದೂಷಣೆಯೆಂದು ಎಣಿಸಬಾರದು. ಜನರ ಮಾತು ಕೇಳದ ಕಚೇರಿಯಲ್ಲಿ ಕಷ್ಟಪಡುವವರಲ್ಲಿ ಒಳ್ಳೆಯ ಅಧಿಕಾರಿಯೂ ಒಬ್ಬನು. ೨೦೧೬ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗಿರಿಜನರ ನೂರಾರು ಗುಡಿಸಲುಗಳನ್ನು ಅರಣ್ಯಭೂಮಿಯೆಂಬ ಕಾರಣದಿಂದ ಕಿತ್ತುಹಾಕಲಾಯಿತು. ರಾಜ್ಯವೇ ತಲ್ಲಣಿಸುವಂತಹ ಹೋರಾಟ ನಡೆದ ಮೇಲೆ ಬಸವನಹಳ್ಳಿ ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆಗಳಾದುವು. ಆಗ ಪಂಚಾಯತಿಗಳಲ್ಲಿ ಚುನಾಯಿತ ಸದಸ್ಯರಿದ್ದರಲ್ಲವೆ ಎಂದು ಕೇಳಬಹುದು. ಇದ್ದರು. ಸಭೆಯಿದ್ದೂ ಇಷ್ಟು ಕಷ್ಟವಾದವರಿಗೆ ಸಭೆಯೇ ಇಲ್ಲವಾದರೆ ಗತಿಯೇನೆಂಬುದು ನಮ್ಮ ಮರುಪ್ರಶ್ನೆ. ಹಾಡಿಯ ಜನ, ತೋಟದ ಕೂಲಿಯವರು, ಒಂಟಿ ಹೆಂಗಸರು ಬೆಂಗಳೂರಿಗೆ ನಿಯೋಗ ಹೋಗಲಾರರು. ಅವರ ಮೊರೆ ತಲಪುವಷ್ಟು ಹತ್ತಿರದಲ್ಲಿ, ಅವರ ಮತಕ್ಕೆ ಅಂಜುವ ಒಬ್ಬನಾದರೂ ಇರಬೇಕು.

ಬೈಲುಕುಪ್ಪೆಯ ನೆರೆಹೊರೆಯವರ ಕಡೆಗೆ ಇನ್ನೊಮ್ಮೆ ನೋಡಿ. ಅಂಬನ್‌ಗಳನ್ನು ಕಂಡ, ಆ ಬಳಿಕ ತಮ್ಮ ದೇಶವನ್ನೇ ಕಳೆದುಕೊಂಡ ಜನ ಅವರು. ಪರದೇಶದ ನೆಲದಲ್ಲಿದ್ದುಕೊಂಡೇ ೨೦೦೧ರಲ್ಲಿ ತಮ್ಮ ಆಡಳಿತದ ಮುಖ್ಯಸ್ಥನನ್ನು ನೇರವಾಗಿ ಮತ ಹಾಕಿ ಆರಿಸಲು ತೊಡಗಿದರು. ೨೦೧೧ರಲ್ಲಿ ದಲಾಯಿ ಲಾಮಾರವರು ತಮ್ಮ ರಾಜಕೀಯ ಅಧಿಕಾರವನ್ನು ತಾವಾಗಿಯೇ ಚುನಾಯಿತರಿಗೆ ಒಪ್ಪಿಸಿದರು. ದೇಶವಿಲ್ಲದವರು ಮತಪೆಟ್ಟಿಗೆಯನ್ನು ಇಟ್ಟುಕೊಂಡರು. ದೇಶವಿರುವ ನಾವು ಅದನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದೆವು. ಕಾವೇರಿಯ ಆಚೆ ದಡದವರು ಈಚೆ ದಡವನ್ನು ನೋಡಿ ಏನೆಂದುಕೊಂಡಾರು?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾದುದು. ಪಂಚಾಯತಿಗಳ ಅವಧಿ ತೀರುವ ದಿನಕ್ಕೆ ಮುಂಚೆಯೇ ಹೊಸ ಸದಸ್ಯರ ಆಯ್ಕೆ ಮುಗಿಯತಕ್ಕದ್ದು. ಕ್ಷೇತ್ರವಿಂಗಡಣೆ ಮೀಸಲಾತಿಗಳ ಕೆಲಸವನ್ನು ಅವಧಿಯ ಕಡೆಯ ವರ್ಷಕ್ಕೆ ಮೊದಲೇ ಪೂರೈಸತಕ್ಕದ್ದು. ಅನಿವಾರ್ಯವಾಗಿ ಆಡಳಿತಾಧಿಕಾರಿಯನ್ನು ನೇಮಿಸಿದರೆ ಅವನ ಕಾಲವನ್ನು ತಿಂಗಳುಗಳಲ್ಲಿ ಎಣಿಸತಕ್ಕದ್ದೇ ಹೊರತು ವರ್ಷಗಳಲ್ಲಿ ಅಲ್ಲ. ಸರಕಾರಗಳು ಬದಲಾದರೂ ಈ ವಿಳಂಬವು ಬದಲಾಗಲಿಲ್ಲವಾದುದರಿಂದ ಯಾವ ಪಕ್ಷವೂ ಇನ್ನೊಂದರ ಕಡೆಗೆ ಬೆರಳು ತೋರಿಸಿ ತಪ್ಪಿಸಿಕೊಳ್ಳಲಾಗದು.

ಪಟ್ಟಣದ ಓದುಗರಲ್ಲಿಯೂ ಒಂದು ಮಾತು. ಈ ಚುನಾವಣೆಗಳು ಹಳ್ಳಿಯವರ ಗೊಡವೆಯೆಂದು ಸುಮ್ಮನಿರಬೇಡಿ. ಫ್ರೇಜರನ ಘೋಷಣೆಯನ್ನು ಕೇಳಿದ ದಿನ ಮಡಿಕೇರಿಯ ಪೇಟೆಯವರೂ ಅರಸನ ಕಾಟ ತಪ್ಪಿತೆಂದು ನೆಮ್ಮದಿಯ ಉಸಿರು ಬಿಟ್ಟಿದ್ದರೆ ಆಶ್ಚರ್ಯವಿಲ್ಲ. ಆ ನೆಮ್ಮದಿಗೆ ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಬೆಲೆ ತೆತ್ತರು. ದಕ್ಷನಾದ ಒಬ್ಬನು ಎಲ್ಲವನ್ನೂ ನೋಡಿಕೊಳ್ಳುವನೆಂದು ಪ್ರಜೆ ನಿದ್ದೆಹೋದಾಗ ಕಚೇರಿಯು ಸದ್ದಿಲ್ಲದೆ ಮುಖ ತಿರುಗಿಸಿಕೊಳ್ಳುತ್ತದೆ. ಅದನ್ನು ಪುನಃ ತನ್ನ ಕಡೆಗೆ ತಿರುಗಿಸಿಕೊಳ್ಳಲು ಕೊಡಗಿಗೆ ನೂರಹದಿನೆಂಟು ವರ್ಷ ಬೇಕಾಯಿತು. ಆ ಲೆಕ್ಕವನ್ನು ಕನ್ನಡನಾಡು ಇನ್ನೊಮ್ಮೆ ಒಂದರಿಂದ ಎಣಿಸತೊಡಗಬಾರದು.